ಉಪ್ಪುನೀರೂ ಉಕ್ಕೂ

ತುಕ್ಕು ಹಿಡಿದ ವಸ್ತುವನ್ನು ಕಂಡರೆ ನಮಗೆ ಬೇಸರವಾಗುತ್ತದೆಯೇ ಹೊರತು ಭಯವಾಗುವುದಿಲ್ಲ. ಬಾವಿಯ ರಾಟೆ, ಹಿತ್ತಿಲ ಬಾಗಿಲ ಚಿಲಕ, ಮಳೆಯಲ್ಲಿ ಮರೆತುಬಿಟ್ಟ ಕುಡುಗೋಲು - ಇವು ಕೆಂಪಗಾದರೆ ಮನೆಯಾಕೆ ನಾಲ್ಕು ಮಾತು ಗೊಣಗಿ, ಸೀಮೆಎಣ್ಣೆ ಹಚ್ಚಿ ತಿಕ್ಕಿಸುತ್ತಾಳೆ. ಅಲ್ಲಿಗೆ ಅದರ ಕಥೆ ಮುಗಿಯಿತು. ತುಕ್ಕು ಸ್ವಭಾವತಃ ನಿಧಾನಸ್ಥ. ಬರುವ ಮುಂಚೆ ಹೇಳಿ ಬರುತ್ತದೆ. ಬಂದಮೇಲೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಅದೇ ವಂಶಕ್ಕೆ ಸೇರಿದ ಇನ್ನೊಂದು ವ್ಯಾಧಿ ಲೋಹಗಳಿಗೆ ಉಂಟು. ಅದಕ್ಕೆ ಬಣ್ಣವಿಲ್ಲ, ಪುಡಿಯಿಲ್ಲ, ಕಲೆಯಿಲ್ಲ. ಹೊರಗಿನಿಂದ ನೋಡಿದವರಿಗೆ ಉಕ್ಕು ನೆಟ್ಟಗೆ, ಗಟ್ಟಿಯಾಗಿ ನಿಂತಿರುತ್ತದೆ. ಒಳಗೆ ಕೂದಲೆಳೆಯಂತಹ ಒಂದು ಬಿರುಕು ಹಗಲಿರುಳೂ ಮುಂದೆ ಮುಂದೆ ಸರಿಯುತ್ತಿರುತ್ತದೆ. ಈ ವಾರ ಆ ಬಿರುಕಿನ ವಿಚಾರ.

ಕನ್ನಡ ಪಾಠ ಹೇಳುವವನಿಗೆ ಉಕ್ಕಿನ ಉಸಾಬರಿ ಏಕೆಂದು ವಾಚಕರು ಕೇಳಬಹುದು. ನನ್ನನ್ನು ಈ ವಿಷಯಕ್ಕೆ ಕರೆದೊಯ್ದವನು ಒಬ್ಬ ಕಾದಂಬರಿಕಾರ. ನಾರ್ವೆ ದೇಶದ ಸ್ಟಾವಂಗರ್ ಎಂಬ ರೇವುಪಟ್ಟಣದಲ್ಲಿ ೧೮೪೯ರಲ್ಲಿ ಹುಟ್ಟಿದ ಅಲೆಕ್ಸಾಂಡರ್ ಹೀಲಂಡ್ ಆ ಭಾಷೆಯ ಶ್ರೇಷ್ಠ ಗದ್ಯಲೇಖಕರಲ್ಲಿ ಒಬ್ಬ. ಹಡಗು, ವ್ಯಾಪಾರ, ಕರಾವಳಿಯ ಜನರ ಕಷ್ಟಸುಖ - ಇವೇ ಅವನ ಬರೆವಣಿಗೆಯ ವಸ್ತು. ಅವನ ಮೊದಲನೆಯ ಕಾದಂಬರಿ ಪ್ರಕಟವಾದದ್ದು ೧೮೮೦ರಲ್ಲಿ. ಸರಿಯಾಗಿ ನೂರು ವರ್ಷಗಳ ಮೇಲೆ, ೧೯೮೦ರ ಮಾರ್ಚ್ ೨೭ರ ಸಂಜೆ, ಅವನ ಹೆಸರನ್ನು ಹೊತ್ತ ಉಕ್ಕಿನ ಅಟ್ಟಣೆಯೊಂದು ಉತ್ತರ ಸಮುದ್ರದಲ್ಲಿ ತಲೆಕೆಳಗಾಯಿತು. ಅದರ ಮೇಲಿದ್ದವರು ೨೧೨ ಜನ. ಸತ್ತವರು ೧೨೩. ಸಾಹಿತಿಗಳ ಹೆಸರನ್ನು ಸಭಾಭವನಗಳಿಗೂ ಬೀದಿಗಳಿಗೂ ಇಡುವುದಷ್ಟೇ ನಮ್ಮಲ್ಲಿ ರೂಢಿ. ನಾರ್ವೆಯವರು ಕಡಲ ಅಟ್ಟಣೆಗೂ ಇಟ್ಟಿದ್ದರು.

ಈ ಅಟ್ಟಣೆಯ ಸ್ವರೂಪವನ್ನು ಸ್ವಲ್ಪ ತಿಳಿಯದೆ ಮುಂದಿನದು ಅರ್ಥವಾಗದು. ಉತ್ತರ ಸಮುದ್ರದ ತಳದಲ್ಲಿ ೧೯೬೯ರಲ್ಲಿ ಎಣ್ಣೆಯ ದೊಡ್ಡ ನಿಕ್ಷೇಪ ದೊರೆತ ಮೇಲೆ ಅಲ್ಲಿ ಬಾವಿ ಕೊರೆಯುವ ಕೆಲಸ ಭರದಿಂದ ಸಾಗಿತು. ಕೆಲಸಗಾರರು ದಿನವೂ ದಡಕ್ಕೆ ಹೋಗಿಬರುವಂತಿಲ್ಲ. ಅವರಿಗೆ ಕಡಲಲ್ಲೇ ಊಟ ನಿದ್ರೆಗಳಾಗಬೇಕು. ಅಲೆಕ್ಸಾಂಡರ್ ಹೀಲಂಡ್ ಅಟ್ಟಣೆ ಬಾವಿ ಕೊರೆಯುವುದಕ್ಕೆಂದು ಫ್ರಾನ್ಸಿನಲ್ಲಿ ನಿರ್ಮಿತವಾಗಿ ೧೯೭೬ರಲ್ಲಿ ಕಡಲಿಗಿಳಿದಿದ್ದರೂ ಅದನ್ನು ಬಳಸಿದ್ದು ತೇಲುವ ವಸತಿಗೃಹವಾಗಿ. ಪಂಚಕೋನದ ಮೂಲೆಗಳಲ್ಲಿ ನಿಂತ ಐದು ದಪ್ಪ ಕಂಬಗಳು. ಕಂಬಗಳ ಬುಡದಲ್ಲಿ ನೀರಲ್ಲಿ ಮುಳುಗಿದ ತೇಲುಬುರುಡೆಗಳು. ಕಂಬಗಳನ್ನು ಒಂದಕ್ಕೊಂದು ಹಾಗೂ ಮೇಲಿನ ಅಂತಸ್ತಿಗೆ ಬಿಗಿಯುವ ಉಕ್ಕಿನ ಅಡ್ಡಕೊಳವೆಗಳು. ಅಡ್ಡಕೊಳವೆಯೆಂದರೆ ನಮ್ಮ ಮನೆಯ ನಲ್ಲಿ ಕೊಳವೆಯಲ್ಲ. ಅದರ ವ್ಯಾಸ ಎರಡೂವರೆ ಮೀಟರಿಗೂ ಹೆಚ್ಚು. ಒಳಗೆ ಆಳು ನಿಂತು ನಡೆದಾಡಬಹುದು.

ಆ ಸಂಜೆ ಬಿರುಗಾಳಿಯಿತ್ತು, ಮಂಜಿತ್ತು. ಅಲೆಗಳು ಆರೆಂಟು ಮೀಟರ್ ಏಳುತ್ತಿದ್ದುವು. ಉತ್ತರ ಸಮುದ್ರಕ್ಕೆ ಅದೇನೂ ಅಪರೂಪದ ಹವೆಯಲ್ಲ. ಕೆಲಸ ಮುಗಿಸಿದ ಹಲವರು ಊಟದ ಮನೆಯಲ್ಲಿದ್ದರು, ಹಲವರು ಅಲ್ಲಿನ ಪುಟ್ಟ ಚಿತ್ರಮಂದಿರದಲ್ಲಿ ಸಿನಿಮಾ ನೋಡುತ್ತಿದ್ದರು. ಆರೂವರೆ ಗಂಟೆಯ ಸುಮಾರಿಗೆ ಒಂದು ಸದ್ದು, ಒಂದು ನಡುಕ. ಅಡ್ಡಕೊಳವೆಯೊಂದು ಮುರಿದಿತ್ತು. ಅದು ಹೊರುತ್ತಿದ್ದ ಭಾರ ಅದೇ ಕಂಬಕ್ಕೆ ಕೂಡಿದ್ದ ಉಳಿದ ಐದು ಕೊಳವೆಗಳ ಮೇಲೆ ಬಿತ್ತು. ಅವೂ ಒಂದರ ಹಿಂದೊಂದು ಮುರಿದುವು. ಐದು ಕಂಬಗಳಲ್ಲಿ ಒಂದು ಇಡಿಯಾಗಿ ಕಿತ್ತುಕೊಂಡು ಹೋಯಿತು. ಅಟ್ಟಣೆ ಮೂವತ್ತು ಡಿಗ್ರಿಗೂ ಮೀರಿ ವಾಲಿತು. ಲಂಗರಿನ ಉಕ್ಕಿನ ಹಗ್ಗಗಳಲ್ಲಿ ಉಳಿದದ್ದು ಒಂದೇ ಒಂದು; ಆ ಒಂದು ಹಗ್ಗ ಹದಿನಾಲ್ಕು ನಿಮಿಷ ಹಿಡಿದುಕೊಂಡಿತ್ತು. ಬದುಕಿದ ೮೯ ಜನರ ಪಾಲಿಗೆ ಆ ಹದಿನಾಲ್ಕು ನಿಮಿಷಗಳೇ ಆಯುಷ್ಯ. ತಲಾ ಐವತ್ತು ಜನ ಹಿಡಿಸುವ ಏಳು ಜೀವರಕ್ಷಕ ದೋಣಿಗಳಿದ್ದುವು. ನಾಲ್ಕನ್ನು ಇಳಿಸಲಾಯಿತು. ಆದರೆ ತೂಗುಹಗ್ಗದ ಮೇಲೆ ಭಾರವಿರುವಾಗ ಕೊಕ್ಕೆ ಬಿಚ್ಚಿಕೊಳ್ಳದಂತೆ ಅವುಗಳನ್ನು ರಚಿಸಿದ್ದರು. ಸಮುದ್ರ ಶಾಂತವಾಗಿದ್ದರೆ ಅದು ಎಚ್ಚರಿಕೆ, ಬಿರುಗಾಳಿಯಲ್ಲಿ ಅದೇ ಉರುಳು. ನಾಲ್ಕರಲ್ಲಿ ಮೂರು ಅಟ್ಟಣೆಗೇ ಅಪ್ಪಳಿಸಿದುವು.

ನಾರ್ವೆ ಸರಕಾರ ನೇಮಿಸಿದ ವಿಚಾರಣಾ ಮಂಡಲಿ ಮುರಿದ ಕೊಳವೆಯ ತುಂಡನ್ನು ತರಿಸಿ ಪರೀಕ್ಷಿಸಿತು. ಕೊಳವೆಯ ಬದಿಗೆ ಒಂದು ಸಣ್ಣ ಉಪಕರಣವನ್ನು ಕೂರಿಸುವುದಕ್ಕಾಗಿ ಬೆಸೆದ ಆಸರೆಯೊಂದಿತ್ತು. ಆ ಉಪಕರಣದ ಹೆಸರು ಹೈಡ್ರೋಫೋನ್. ನೀರಿನೊಳಗಿನ ಸದ್ದನ್ನು ಕೇಳಿ ಅಟ್ಟಣೆ ತನ್ನ ಸ್ಥಾನವನ್ನು ಅರಿಯುವುದಕ್ಕೆ ಅದು ಬೇಕು. ಅಟ್ಟಣೆಯ ಭಾರಕ್ಕೂ ಈ ಆಸರೆಗೂ ಏನೇನೂ ಸಂಬಂಧವಿಲ್ಲ. ಗೋಡೆಗೆ ಪಟ ತೂಗುಹಾಕಲು ಹೊಡೆದ ಮೊಳೆಯಂತೆ ಅದು. ಆದ್ದರಿಂದ ಅದರ ಬೆಸುಗೆಗೆ ಯಾರೂ ಹೆಚ್ಚಿನ ಗಮನ ಕೊಟ್ಟಿರಲಿಲ್ಲ. ಬೆಸುಗೆಯ ದಪ್ಪ ೬ ಮಿಲಿಮೀಟರ್; ಅದೂ ಒರಟು ಕೆಲಸ. ಬಿರುಕು ಹುಟ್ಟಿದ್ದು ಅಲ್ಲಿ. ಮಂಡಲಿಗೆ ಅಲ್ಲಿ ದೊರೆತ ಇನ್ನೊಂದು ಸಾಕ್ಷ್ಯವಂತೂ ಬೆರಗು ಹುಟ್ಟಿಸುವಂಥದು: ಬಿರುಕಿನ ಒಳಮೈಯಲ್ಲಿ ಬಣ್ಣ ಅಂಟಿಕೊಂಡಿತ್ತು! ಅಂದರೆ ಕಾರ್ಖಾನೆಯಲ್ಲಿ ಬಣ್ಣ ಬಳಿಯುವ ಹೊತ್ತಿಗೇ ಬಿರುಕು ಹುಟ್ಟಿಯಾಗಿತ್ತು. ಬಣ್ಣದವನ ಕುಂಚ ಅದರ ಮೇಲೆ ಹಾದುಹೋಗಿತ್ತು. ಅಲ್ಲಿಂದ ನಾಲ್ಕು ವರ್ಷ ತುಂಬುವುದರೊಳಗಾಗಿ ಬಿರುಕು ಕೊಳವೆಯ ಸುತ್ತಳತೆಯ ಬಹುಭಾಗವನ್ನು ಬಳಸಿ ಬಂದಿತ್ತು.

ನಾಲ್ಕು ವರ್ಷಗಳಲ್ಲಿ ಅಷ್ಟು ದೂರ ಹೇಗೆ ನಡೆಯಿತು? ಒಂದು ತಂತಿಯನ್ನು ಕೈಯಲ್ಲಿ ಹಿಡಿದು ಎಳೆದರೆ ಅದು ತುಂಡಾಗುವುದಿಲ್ಲ; ಅದನ್ನೇ ಹಿಂದಕ್ಕೂ ಮುಂದಕ್ಕೂ ಹತ್ತಿಪ್ಪತ್ತು ಸಲ ಬಾಗಿಸಿದರೆ ಮಕ್ಕಳ ಕೈಯಲ್ಲೂ ತುಂಡಾಗುತ್ತದೆ. ಎಂಜಿನಿಯರರು ಇದನ್ನು ಲೋಹದ ದಣಿವು ಎನ್ನುತ್ತಾರೆ, ಒಳ್ಳೆಯ ಹೆಸರು. ರೈಲುಗಾಡಿಯ ಅಚ್ಚುಗಳು ಕಾರಣ ತಿಳಿಯದೆ ಮುರಿಯುತ್ತಿದ್ದ ಕಾಲದಲ್ಲಿ, ಅಂದರೆ ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ, ಜರ್ಮನಿಯ ವೂಲರ್ ಎಂಬವನು ವರ್ಷಗಟ್ಟಲೆ ಪ್ರಯೋಗ ನಡೆಸಿ ಈ ದಣಿವಿನ ಲೆಕ್ಕವನ್ನು ಬರೆದಿಟ್ಟ. ಅವನ ಲೆಕ್ಕದಲ್ಲಿ ಸಮಾಧಾನದ ಅಂಶವೊಂದಿತ್ತು. ಉಕ್ಕಿಗೆ ಒಂದು ಮಿತಿಯುಂಟು. ಆ ಮಿತಿಯ ಒಳಗೆ ಎಷ್ಟು ಕೋಟಿ ಸಲ ಬಾಗಿಸಿದರೂ ಅದು ಮುರಿಯುವುದಿಲ್ಲ. ರಚನೆ ಮಾಡುವವರು ಈ ಮಿತಿಯೊಳಗೆ ಉಳಿದರಾಯಿತು.

ಈ ಭರವಸೆ ಒಣಗಾಳಿಯಲ್ಲಿ ಮಾತ್ರ ಸಲ್ಲುತ್ತದೆ. ಅದೇ ಉಕ್ಕನ್ನು ಉಪ್ಪುನೀರಿನಲ್ಲಿಟ್ಟು ಬಾಗಿಸತೊಡಗಿದರೆ ಮಿತಿಯೆಂಬುದೇ ಮಾಯವಾಗುತ್ತದೆ. ಇಂಗ್ಲೆಂಡಿನ ಹೇಗ್ ಎಂಬ ವಿಜ್ಞಾನಿ ೧೯೧೭ರಲ್ಲಿ ಹಿತ್ತಾಳೆಗಳ ಮೇಲೆ ನಡೆಸಿದ ಪ್ರಯೋಗಗಳು ಈ ಕಡೆಗೆ ಮೊದಲು ಬೆರಳು ತೋರಿದುವು. ಆಮೇಲಿನ ಹತ್ತು ಹದಿನೈದು ವರ್ಷಗಳಲ್ಲಿ ಉಕ್ಕಿನ ವಿಷಯವೂ ಖಚಿತವಾಯಿತು. ತುಕ್ಕು ಒಂದು ಪಾಲು ಹಾನಿ, ದಣಿವು ಒಂದು ಪಾಲು ಹಾನಿ ಎಂದು ಕೂಡಿಸಿದರೆ ಎರಡು ಪಾಲಾಗಬೇಕಷ್ಟೆ? ಇಲ್ಲಿ ಆ ಗಣಿತ ನಡೆಯುವುದಿಲ್ಲ. ಮೊದಲು ತುಕ್ಕಿನಿಂದ ಒಂದು ಸಣ್ಣ ಗುಳಿ ಬೀಳುತ್ತದೆ. ಅಲೆ ಬಂದಾಗ ಸುತ್ತಲಿನ ಸೆಳೆತವೆಲ್ಲ ಆ ಗುಳಿಯ ತುದಿಗೆ ಬಂದು ಸೇರಿ ಬಿರುಕು ಬಾಯಿ ತೆರೆಯುತ್ತದೆ. ಬಾಯಿ ತೆರೆದಾಗ ಉಪ್ಪುನೀರು ಒಳಗೆ ನುಗ್ಗುತ್ತದೆ. ಉಕ್ಕಿನ ಮೈಯನ್ನು ಕಾಪಾಡುವ ತೆಳುಪೊರೆ ಬಿರುಕಿನ ತುದಿಯಲ್ಲಿ ಹರಿದು ಹಸಿಮೈ ಕಾಣುತ್ತದೆ. ನೀರು ಅದನ್ನು ತಿನ್ನುತ್ತದೆ. ಮತ್ತೆ ಪೊರೆ ಕಟ್ಟುವಷ್ಟರಲ್ಲಿ ಮುಂದಿನ ಅಲೆ. ಬಿರುಕಿನ ಒಳಗೆ ನಿಂತ ನೀರು ಹೊರಗಿನ ಕಡಲನೀರಿನಂತೆಯೂ ಇರುವುದಿಲ್ಲ. ಕೊಂಚ ಕೊಂಚವಾಗಿ ಹುಳಿಯಾಗಿ ಇನ್ನೂ ತೀಕ್ಷ್ಣವಾಗುತ್ತದೆ. ಸರಾಸರಿ ಆರು ಸೆಕೆಂಡಿಗೆ ಒಂದು ಅಲೆಯೆಂದರೂ ವರ್ಷಕ್ಕೆ ಐವತ್ತು ಲಕ್ಷ ಅಲೆಗಳು. ಇಪ್ಪತ್ತು ವರ್ಷಕ್ಕೆ ಹತ್ತು ಕೋಟಿ. ಕಡಲಲ್ಲಿ ನಿಂತ ಉಕ್ಕಿಗೆ ಭಾನುವಾರವಿಲ್ಲ.

ಹೀಲಂಡ್ ಅಟ್ಟಣೆಯನ್ನು ಕೆಡವಿದ ದೋಷಗಳಲ್ಲಿ ದಣಿವೂ ಕೆಟ್ಟ ಬೆಸುಗೆಯೂ ಮುಖ್ಯ. ಉಪ್ಪುನೀರೊಂದನ್ನೇ ಅಪರಾಧಿಯೆಂದು ನಿಲ್ಲಿಸುವುದು ಸರಿಯಲ್ಲ. ಆದರೆ ಹುಟ್ಟಿದ ಬಿರುಕು ಬೆಳೆಯುವ ವೇಗ ಗಾಳಿಯಲ್ಲಿ ಒಂದಾದರೆ ಕಡಲನೀರಿನಲ್ಲಿ ಹಲವು ಪಟ್ಟು ಎಂಬುದು ಪ್ರಯೋಗಶಾಲೆಗಳಲ್ಲಿ ಮತ್ತೆ ಮತ್ತೆ ಸಿದ್ಧವಾದ ಸಂಗತಿ.

ನೀರು, ಗಾಳಿ, ಸೆಳೆತ ಇವು ಸೇರಿ ಲೋಹವನ್ನು ಸೀಳುವ ಈ ವ್ಯಾಧಿಯ ಒಂದು ಪ್ರಸಿದ್ಧ ಉದಾಹರಣೆ ನಮ್ಮ ದೇಶದ್ದೇ, ಅದೂ ಕಡಲಿನಿಂದ ದೂರದ್ದು. ಬ್ರಿಟಿಷರ ಸೈನ್ಯ ಇಲ್ಲಿದ್ದಾಗ ಮಳೆಗಾಲದಲ್ಲಿ ಬಂದೂಕಿನ ಹಿತ್ತಾಳೆಯ ತೋಟಾಗಳು ತಾವಾಗಿಯೇ ಬಿರಿಯುತ್ತಿದ್ದುವು. ಯಾರೂ ಮುಟ್ಟಿಲ್ಲ, ಬೆಂಕಿ ತಗಲಿಲ್ಲ. ಪೆಟ್ಟಿಗೆ ತೆರೆದರೆ ಉದ್ದುದ್ದ ಸೀಳು. ಮಳೆಗಾಲ ಬಂದಾಗ ಬರುವ ರೋಗವಾದ್ದರಿಂದ ಅದಕ್ಕೆ ಋತುಬಿರುಕು ಎಂಬರ್ಥದ ಹೆಸರನ್ನೇ ಇಟ್ಟರು. ಕಾರಣ ಹೊರಬಿದ್ದದ್ದು ೧೯೨೧ರಲ್ಲಿ. ತೋಟಾಗಳನ್ನು ಇಡುತ್ತಿದ್ದುದು ಕುದುರೆ ಲಾಯಗಳ ಬಳಿ. ಕುದುರೆಯ ಮೂತ್ರದಿಂದ ಏಳುವ ಅಮೋನಿಯ ತೇವದ ಗಾಳಿಯಲ್ಲಿ ಬೆರೆತು ಹಿತ್ತಾಳೆಯನ್ನು ಮುಟ್ಟುತ್ತಿತ್ತು. ಆದರೆ ಅಮೋನಿಯ ಒಂದೇ ಆಗಿದ್ದರೆ ಏನೂ ಆಗುತ್ತಿರಲಿಲ್ಲ. ತಗಡನ್ನು ತಣ್ಣಗಿರುವಾಗಲೇ ಎಳೆದು ತೋಟಾದ ಆಕಾರಕ್ಕೆ ತಂದಿದ್ದರಿಂದ ಲೋಹದೊಳಗೆ ಬಿಗಿತ ಉಳಿದುಕೊಂಡಿತ್ತು. ಹೊರಗಿನ ವಿಷವೂ ಒಳಗಿನ ಬಿಗಿತವೂ ಕೂಡಿದಾಗ ಸೀಳು. ತೋಟಾಗಳನ್ನು ಹದವಾಗಿ ಕಾಸಿ ಬಿಗಿತ ತೆಗೆದರು, ಲಾಯದಿಂದ ದೂರ, ಒಣಜಾಗದಲ್ಲಿಟ್ಟರು, ಕಾಟ ತಪ್ಪಿತು. ಬೆಸುಗೆ ಹಾಕಿದ ಜಾಗದಲ್ಲೂ ಉಕ್ಕು ಕರಗಿ ಆರುವಾಗ ಇಂಥದೇ ಬಿಗಿತ ಒಳಗೆ ಕೂತುಬಿಡುತ್ತದೆ. ಕಡಲ ಅಟ್ಟಣೆಗಳ ಬಿರುಕುಗಳಲ್ಲಿ ಹೆಚ್ಚಿನವು ಬೆಸುಗೆಯ ಅಂಚಿನಲ್ಲಿ ಹುಟ್ಟುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಕಡಲಲ್ಲಿ ನಿಲ್ಲುವ ಉಕ್ಕಿಗೆ ರಕ್ಷೆಯೇ ಇಲ್ಲವೆ? ಉಂಟು. ಅದನ್ನು ಕಂಡುಹಿಡಿದವನು ಗಣಿದೀಪದಿಂದ ಹೆಸರಾದ ಹಂಫ್ರಿ ಡೇವಿ. ಇಂಗ್ಲೆಂಡಿನ ನೌಕಾಪಡೆಯ ಮರದ ಹಡಗುಗಳ ತಳಕ್ಕೆ ತಾಮ್ರದ ತಗಡು ಹೊದಿಸುತ್ತಿದ್ದ ಕಾಲ ಅದು. ಉಪ್ಪುನೀರು ತಾಮ್ರವನ್ನು ತಿನ್ನುತ್ತಿತ್ತು. ೧೮೨೪ರಲ್ಲಿ ಡೇವಿ ತಾಮ್ರಕ್ಕೆ ತಗುಲಿದಂತೆ ಸತುವಿನ ಅಥವಾ ಕಬ್ಬಿಣದ ಸಣ್ಣ ತುಂಡುಗಳನ್ನು ಜೋಡಿಸಿ ನೋಡಿದ. ಸತು ಕರಗಿತು, ತಾಮ್ರ ಉಳಿಯಿತು. ಎರಡು ಲೋಹಗಳು ಉಪ್ಪುನೀರಿನಲ್ಲಿ ಒಂದಕ್ಕೊಂದು ತಗುಲಿದಾಗ ಸಣ್ಣದೊಂದು ವಿದ್ಯುತ್ತು ಹರಿಯುತ್ತದೆ. ಅದರಲ್ಲಿ ದುರ್ಬಲ ಲೋಹ ತಾನು ಕರಗಿ ಇನ್ನೊಂದನ್ನು ಉಳಿಸುತ್ತದೆ. ಡೇವಿಯ ಉಪಾಯ ತೀರ ಚೆನ್ನಾಗಿ ನಡೆಯಿತೆಂಬುದೇ ಅದಕ್ಕೆ ಮುಳುವಾದದ್ದು ವಿನೋದ. ಕರಗುತ್ತಿದ್ದ ತಾಮ್ರದ ವಿಷಕ್ಕೆ ಹೆದರಿ ದೂರವಿದ್ದ ಚಿಪ್ಪುಹುಳುಗಳೂ ಪಾಚಿಯೂ, ತಾಮ್ರ ಕರಗುವುದು ನಿಂತೊಡನೆ ಹಡಗಿನ ತಳಕ್ಕೆ ಮುತ್ತಿಕೊಂಡುವು, ಹಡಗು ಓಡದಾಯಿತು. ನೌಕಾಪಡೆ ಉಪಾಯವನ್ನು ಕೈಬಿಟ್ಟಿತು. ನೂರು ವರ್ಷಗಳ ತರುವಾಯ ಅದೇ ವಿದ್ಯೆ ಉಕ್ಕಿನ ಕೊಳವೆಗಳಿಗೂ ಅಟ್ಟಣೆಗಳಿಗೂ ಪ್ರಾಣರಕ್ಷಕವಾಗಿ ಮರಳಿತು. ಇಂದು ಕಡಲೊಳಗಿನ ಉಕ್ಕಿನ ಕಾಲುಗಳಿಗೆ ಅಲ್ಯುಮಿನಿಯಂ ಮಿಶ್ರಲೋಹದ ಭಾರವಾದ ದಿಮ್ಮಿಗಳನ್ನು ಬಿಗಿದಿರುತ್ತಾರೆ. ಅವು ಬಲಿಲೋಹಗಳು, ಕರಗುವುದೇ ಅವುಗಳ ಉದ್ಯೋಗ. ಆದರೆ ಈ ರಕ್ಷೆ ನೀರಿನಲ್ಲಿ ಮುಳುಗಿದ ಭಾಗಕ್ಕೆ ಮಾತ್ರ. ಅಲೆ ಹೊಡೆದು ಒದ್ದೆಯಾಗಿ, ಗಾಳಿ ಬಿಸಿಲಿಗೆ ಒಣಗಿ, ಮತ್ತೆ ಒದ್ದೆಯಾಗುವ ನಡುಪಟ್ಟಿಯಲ್ಲಿ ವಿದ್ಯುತ್ತಿನ ಹಾದಿ ಪದೇ ಪದೇ ತುಂಡಾಗುತ್ತದೆ. ಅಲ್ಲಿ ಬಣ್ಣವೋ ಹೊದಿಕೆಯೋ ಕಾಯಬೇಕು. ತುಕ್ಕಿನ ಹಾವಳಿ ಅತಿ ಹೆಚ್ಚಾಗಿರುವುದೂ ಆ ಪಟ್ಟಿಯಲ್ಲೇ.

ಇಷ್ಟಕ್ಕೇ ನಿಂತಿದ್ದರೆ ಕಥೆ ಸುಖಾಂತವಾಗುತ್ತಿತ್ತು. ಕಾಯುವುದೇ ಹೆಚ್ಚಾದರೆ ಬೇರೊಂದು ಕೇಡು ಬಂದೊದಗುತ್ತದೆ. ಬಲಿಲೋಹ ಕರಗಿ ಉಕ್ಕಿಗೆ ವಿದ್ಯುತ್ತು ಹರಿದಾಗ, ಉಕ್ಕಿನ ಮೈಮೇಲೆ ನೀರು ಒಡೆದು ಜಲಜನಕ ಹುಟ್ಟುತ್ತದೆ. ಅದರ ಅಣುಗಳು ಎರಡೆರಡಾಗಿ ಕೂಡಿ ಗುಳ್ಳೆಯಾಗಿ ಹೊರಟುಹೋದರೆ ಚಿಂತೆಯಿಲ್ಲ. ಕೂಡುವ ಮುನ್ನ ಒಂಟಿಯಾಗಿರುವ ಪರಮಾಣು ಎಲ್ಲ ಧಾತುಗಳಿಗಿಂತ ಚಿಕ್ಕದು. ಉಕ್ಕಿನ ಹರಳುಗಳ ಸಂದಿಯಲ್ಲಿ ನುಸುಳಬಲ್ಲುದು. ನುಸುಳಿದ್ದು ಸೆಳೆತ ಹೆಚ್ಚಿರುವ ಜಾಗಕ್ಕೆ, ಅಂದರೆ ಬಿರುಕಿನ ತುದಿಗೆ, ಹೋಗಿ ಸೇರುತ್ತದೆ. ಅಲ್ಲಿ ಉಕ್ಕು ತನ್ನ ಜಿಗುಟನ್ನು ಕಳೆದುಕೊಂಡು ಗಾಜಿನಂತೆ ಒಡೆಯುತ್ತದೆ. ಇದನ್ನು ೧೮೭೫ರಲ್ಲೇ ಜಾನ್ಸನ್ ಎಂಬ ಇಂಗ್ಲಿಷಿನವನು ಗಮನಿಸಿದ್ದ: ಆಮ್ಲದಲ್ಲಿ ಕೆಲವು ನಿಮಿಷ ಅದ್ದಿದ ಕಬ್ಬಿಣದ ತಂತಿ ಬಾಗಿಸಿದರೆ ಪಟ್ಟನೆ ಮುರಿಯುತ್ತಿತ್ತು, ಮುರಿದ ತುದಿಯನ್ನು ಒದ್ದೆ ಮಾಡಿದರೆ ನೊರೆ ಏಳುತ್ತಿತ್ತು, ಕೆಲಕಾಲ ಸುಮ್ಮನೆ ಇಟ್ಟರೆ ತಂತಿ ಮತ್ತೆ ಮೊದಲಿನಂತಾಗುತ್ತಿತ್ತು. ನೀರನ್ನು ಹುಟ್ಟಿಸುವುದೆಂಬ ಅರ್ಥದಲ್ಲಿ ನಮ್ಮವರು ಇದಕ್ಕೆ ಜಲಜನಕವೆಂದು ಹೆಸರಿಟ್ಟರು. ಕಡಲಲ್ಲಿ ಸಂಬಂಧ ತಿರುಗುಮುರುಗು. ಜಲವೇ ಜನಕ, ಮಗ ಹೋಗಿ ಉಕ್ಕಿನ ಮನೆಗೆ ಕನ್ನ ಹಾಕುತ್ತಾನೆ.

ಸಾಮಾನ್ಯ ಉಕ್ಕಿಗೆ ಜಲಜನಕದ ಈ ಕಾಟ ಅಷ್ಟಾಗಿ ತಟ್ಟುವುದಿಲ್ಲ. ಕಡಲತಳದಲ್ಲಿ ನೆಟ್ಟ ಅಟ್ಟಣೆಗಳ ಹಂದರಕ್ಕೆ ಬಳಸುವ ಉಕ್ಕು ಚದರ ಮಿಲಿಮೀಟರಿಗೆ ಸುಮಾರು ೩೫ ಕಿಲೋಗ್ರಾಂ ಸೆಳೆತವನ್ನು ತಡೆಯುವಂಥದು. ತಾನೇ ಕಾಲುಗಳನ್ನು ಇಳಿಸಿ ನಿಂತು, ಕೆಲಸ ಮುಗಿದ ಮೇಲೆ ಕಾಲೆತ್ತಿಕೊಂಡು ಬೇರೆಡೆಗೆ ತೇಲಿಹೋಗುವ ಅಟ್ಟಣೆಗಳಿಗೆ ಹಗುರವಾದ ಕಾಲುಗಳು ಬೇಕು. ಅವುಗಳಿಗೆ ೭೦ ಕಿಲೋಗ್ರಾಮಿನ, ಅಂದರೆ ಎರಡುಪಟ್ಟು ಬಲದ ಉಕ್ಕನ್ನು ಬಳಸುತ್ತಾರೆ. ೧೯೮೦ರ ದಶಕದ ಕೊನೆಯಲ್ಲಿ ಉತ್ತರ ಸಮುದ್ರದಲ್ಲಿ ದುಡಿಯುತ್ತಿದ್ದ ಇಂತಹ ಕೆಲವು ಅಟ್ಟಣೆಗಳ ಪಾದದ ಬಳಿ ಬಿರುಕುಗಳು ಕಾಣಿಸಿದುವು. ಪರೀಕ್ಷಿಸಿದರೆ, ತುಕ್ಕಿನಿಂದ ಕಾಪಾಡಲು ಕಟ್ಟಿದ ಬಲಿಲೋಹಗಳೇ ಜಲಜನಕವನ್ನು ಒದಗಿಸುತ್ತಿದ್ದುವು! ಸಾಲದ್ದಕ್ಕೆ ಪಾದ ಹೂತ ಕೆಸರಿನಲ್ಲಿ ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳಿವೆ. ಅವು ಹೊರಬಿಡುವ ಕೊಳೆತ ಮೊಟ್ಟೆಯ ವಾಸನೆಯ ಅನಿಲ, ಜಲಜನಕದ ಒಂಟಿ ಪರಮಾಣುಗಳು ಜೋಡಿಯಾಗುವುದನ್ನು ತಡೆದು ಹೆಚ್ಚು ಹೆಚ್ಚನ್ನು ಉಕ್ಕಿನೊಳಕ್ಕೆ ನೂಕುತ್ತದೆ. ಹೆಚ್ಚು ಬಲದ ಉಕ್ಕೇ ಹೆಚ್ಚು ಸುಲಭವಾಗಿ ಸೀಳುವುದೆಂಬುದು ವಿಚಿತ್ರವಾಗಿ ಕಂಡರೂ ನಿಜ. ಬಲ ಹೆಚ್ಚಿದಷ್ಟೂ ಬಾಗಿ ಬಳುಕುವ ಗುಣ ಕಡಮೆಯಾಗುತ್ತದೆ. ಆದ್ದರಿಂದ ಈಗ ರಕ್ಷೆಗೂ ಅಳತೆ ಗೊತ್ತುಮಾಡಿದ್ದಾರೆ. ಸಾಮಾನ್ಯ ಉಕ್ಕಿಗೆ ೦.೮ರಿಂದ ೧.೧ ವೋಲ್ಟಿನವರೆಗೆ ಸಲ್ಲುತ್ತದೆ. ಬಲವಾದ ಉಕ್ಕಿಗೆ ಮೇಲಿನ ಮಿತಿ ಇನ್ನೂ ಕೆಳಗೆ.

ಇವೆಲ್ಲ ದೂರದ ನಾರ್ವೆಯ ಮಾತೆಂದು ಕೈಬಿಡುವಂತಿಲ್ಲ. ಮುಂಬಯಿಯ ಪಡುವಣ ಕಡಲಿನಲ್ಲಿ ‘ಸಾಗರ ಸಮ್ರಾಟ’ ಎಂಬ ಕಾಲಿಳಿಸಿ ನಿಲ್ಲುವ ಅಟ್ಟಣೆ ೧೯೭೪ರಲ್ಲಿ ಎಣ್ಣೆಯನ್ನು ಮುಟ್ಟಿತು. ೧೯೭೬ರಲ್ಲಿ ಎಣ್ಣೆ ಹರಿದುಬರತೊಡಗಿತು. ಅಂದಿನಿಂದ ಅಲ್ಲಿ ಅಟ್ಟಣೆಗಳ ಒಂದು ಊರೇ ಬೆಳೆದಿದೆ. ನಮ್ಮ ಅಡಿಗೆಮನೆಯ ಅನಿಲದ ಸಿಲಿಂಡರಿಗೂ ಬೀದಿಯ ಬಸ್ಸಿಗೂ ಆ ಕಡಲಿನ ಋಣವಿದೆ. ಅಲ್ಲಿ ವಾರಗಟ್ಟಲೆ ಇದ್ದು ದುಡಿಯುವವರು ನಮ್ಮಂತೆಯೇ ಸಂಸಾರಸ್ಥರು.

ಬಿರುಕು ಕಣ್ಣಿಗೆ ಬೀಳದಿರುವಾಗ ಅದನ್ನು ಹುಡುಕುವುದು ಹೇಗೆ? ಮುಳುಗುಗಾರನು ನೀರಿಗಿಳಿದು ಬೆಸುಗೆಯ ಮೇಲೆ ಬೆಳೆದ ಚಿಪ್ಪು ಪಾಚಿಗಳನ್ನು ಕೆರೆದು, ಉಕ್ಕು ಹೊಳೆಯುವಂತೆ ತಿಕ್ಕುತ್ತಾನೆ. ಆಮೇಲೆ ಅಲ್ಲಿ ಅಯಸ್ಕಾಂತ ಶಕ್ತಿಯನ್ನು ಹರಿಸಿ ಹೊಳೆಯುವ ಕಬ್ಬಿಣದ ನುಣ್ಣನೆಯ ಪುಡಿಯನ್ನು ಚೆಲ್ಲುತ್ತಾನೆ. ಬಿರುಕಿದ್ದರೆ ಪುಡಿ ಅದರ ಗುಂಟ ಸಾಲಾಗಿ ನಿಂತು, ಎಳೆದ ಗೆರೆಯಂತೆ ಬೆಳಗುತ್ತದೆ. ಒಂದು ಗಂಟನ್ನು ನೋಡುವುದಕ್ಕೇ ಬಹಳ ಹೊತ್ತು ಬೇಕು. ಒಂದು ಅಟ್ಟಣೆಗೆ ಇಂತಹ ಗಂಟುಗಳು ನೂರಾರು. ಎಲ್ಲವನ್ನೂ ಪ್ರತಿ ವರ್ಷ ನೋಡುವುದು ಆಗದ ಮಾತು. ಯಾವುದನ್ನು ಬಿಡಬಹುದೆಂದು ಆರಿಸುವುದೇ ಎಂಜಿನಿಯರನ ತಲೆನೋವು. ಇನ್ನೊಂದು ಉಪಾಯ ನನಗೆ ಬಹಳ ಮೆಚ್ಚುಗೆಯಾದದ್ದು. ಅಟ್ಟಣೆಯ ಹಲವು ಕೊಳವೆಗಳನ್ನು ಒಳಗೆ ಬರಿ ಗಾಳಿಯಿರುವಂತೆ ಮುಚ್ಚಿ ಬೆಸೆದಿರುತ್ತಾರೆ. ಬಿರುಕು ಗೋಡೆಯನ್ನು ದಾಟಿತೆಂದರೆ ನೀರು ಒಳಗೆ ಸೇರುತ್ತದೆ. ಮುಳುಗುಗಾರನೋ ನೀರೊಳಗಿನ ಯಂತ್ರವೋ ಕೊಳವೆಯ ಒಂದು ಬದಿಯಿಂದ ಕಿರಣವನ್ನೋ ಶಬ್ದತರಂಗವನ್ನೋ ಕಳುಹಿಸಿ, ಒಳಗಿರುವುದು ಗಾಳಿಯೋ ನೀರೋ ಎಂದು ಕೆಲವೇ ನಿಮಿಷಗಳಲ್ಲಿ ಹೇಳಿಬಿಡಬಹುದು. ತೆಂಗಿನಕಾಯಿಯನ್ನು ಕಿವಿಯ ಬಳಿ ಅಲುಗಿಸಿ ನೋಡಿದಂತೆ. ನೀರಿದೆಯೆಂದು ತಿಳಿದರೆ, ಆ ಕೊಳವೆಯ ಎರಡು ತುದಿಗಳ ಬೆಸುಗೆಯನ್ನೂ ನಡುವೆ ಬೆಸೆದ ಪ್ರತಿಯೊಂದು ಸಣ್ಣ ಆಸರೆಯನ್ನೂ ಕೆರೆದು ನೋಡುತ್ತಾರೆ.